ಮಂಕು ಟೈಲ್ ಲೈಟಿಗೆ ಬಲ್ಬೊಂದೇ ಮದ್ದಲ್ಲ

ಹಳೆಯ ಕಾರಿನ ಟೈಲ್ ಲೈಟು ಮಂಕಾಗಿದೆ ಎಂದ ಕೂಡಲೇ ಎಲ್ಲರೂ ಹೇಳುವುದು ಒಂದೇ: ‘ಎಲ್‌ಇಡಿ ಹಾಕಿಬಿಡಿ.’ ನಾನು ಕೈ ಹಾಕಿದ ಕಾರಿಗೆ ಅದಕ್ಕೂ ಮೊದಲೇ ಹೊಸ ಬಲ್ಬು ಹಾಕಿ ನೋಡಿದ್ದಾಗಿತ್ತು, ಏನೂ ಬದಲಾಗಿರಲಿಲ್ಲ. ಬಿಸಿಲಲ್ಲಿ ಬ್ರೇಕ್ ಒತ್ತಿದರೆ ಹತ್ತು ಹೆಜ್ಜೆ ಹಿಂದೆ ನಿಂತವರಿಗೂ ದೀಪ ಹೊತ್ತಿತೋ ಇಲ್ಲವೋ ಅನುಮಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು ಕೆಲಸ. ಕೊನೆಗೆ ಕುಳಿತು ಅಳೆದು ನೋಡಿದಾಗ ತಿಳಿದದ್ದು, ಬಲ್ಬು ಚೆನ್ನಾಗಿಯೇ ಇತ್ತು. ಬ್ಯಾಟರಿಯಿಂದ ಬಲ್ಬಿಗೆ ಬರುವ ದಾರಿಯಲ್ಲಿ ವೋಲ್ಟೇಜ್ ಸೋರುತ್ತಿತ್ತು, ಬಲ್ಬಿನಿಂದ ಹೊರಗೆ ಹೋಗುವ ದಾರಿಯಲ್ಲಿ ಬೆಳಕು ಸೋರುತ್ತಿತ್ತು. ಈ ಎರಡು ಸೋರಿಕೆ ನಿಲ್ಲಿಸಲು ಎರಡು ವಾರಾಂತ್ಯ ಹಿಡಿಯಿತು. ಕೈಕೆಲಸ ಐದಾರು ಗಂಟೆ ಅಷ್ಟೆ; ಉಳಿದದ್ದೆಲ್ಲ ಎಣ್ಣೆ ಇಳಿಯಲಿ, ಬಣ್ಣ ಒಣಗಲಿ, ರಬ್ಬರ್ ಬರಲಿ ಎಂದು ಕಾದದ್ದು.

ವಾಹನ 12 ವೋಲ್ಟಿನದು. ತಗಡಿನ ಗೂಡು, ಅದರ ಮೇಲೆ ಸ್ಕ್ರೂ ಹಾಕಿ ಕೂರಿಸಿದ ಕೆಂಪು ಲೆನ್ಸು, ಒಳಗೆ ಎರಡು ಫಿಲಮೆಂಟಿನ (ಟೈಲ್ ಲೈಟಿಗೊಂದು, ಬ್ರೇಕ್ ಲೈಟಿಗೊಂದು) ಬಲ್ಬು. ಇದೇ ಕಟ್ಟಿನ ದೀಪ ಇರುವವರಿಗೆ ಮುಂದಿನದ್ದೆಲ್ಲ ಹಾಗೆಯೇ ಹೊಂದುತ್ತದೆ. 6 ವೋಲ್ಟಿನವರಿಗೆ, ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ ಕಟ್ಟಿದ ವಾಹನ) ಇರುವವರಿಗೆ ಬೇಕಾದದ್ದನ್ನು ಅಲ್ಲಲ್ಲೇ ಹೇಳುತ್ತೇನೆ.

ಬಿಚ್ಚುವ ಮೊದಲು ಒಂದು ಅಳತೆ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮಾಡಿದ ಯಾವ ಕೆಲಸದಿಂದ ಎಷ್ಟು ಲಾಭವಾಯಿತು ಎಂಬುದೇ ತಿಳಿಯುವುದಿಲ್ಲ; ಹೊಸದಾಗಿ ಉಜ್ಜಿದ ದೀಪ ಕಣ್ಣಿಗೆ ಯಾವಾಗಲೂ ಪ್ರಕಾಶಮಾನವಾಗಿಯೇ ಕಾಣುತ್ತದೆ. ಬೆಳಕು ಅಳೆಯುವ, ಮೊಬೈಲಿನ ಲಕ್ಸ್ ಮೀಟರ್ ಆ್ಯಪ್ ಸಾಕು. ಕತ್ತಲಲ್ಲಿ, ಲೆನ್ಸಿನ ನಡುಭಾಗದ ಎತ್ತರಕ್ಕೆ, ಸರಿಯಾಗಿ 1 ಮೀಟರ್ ದೂರದಲ್ಲಿ ಮೊಬೈಲ್ ಹಿಡಿಯಬೇಕು. ಬೆಳಕಿನ ಸೆನ್ಸರ್ ಇರುವುದು ಸಾಮಾನ್ಯವಾಗಿ ಸ್ಕ್ರೀನಿನ ಕಡೆ, ಸೆಲ್ಫಿ ಕ್ಯಾಮೆರಾದ ಪಕ್ಕ. ಹಾಗಾಗಿ ದೀಪಕ್ಕೆ ತೋರಿಸಬೇಕಾದದ್ದು ಸ್ಕ್ರೀನನ್ನು, ಬೆನ್ನನ್ನಲ್ಲ. 1 ಮೀಟರ್ ದೂರದಲ್ಲಿ ಸಿಗುವ ಲಕ್ಸ್ ಸಂಖ್ಯೆಯೇ ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯ ಅಳತೆ) ಸಂಖ್ಯೆ. ವಿಶ್ವಸಂಸ್ಥೆಯ 7ನೇ ವಾಹನ ನಿಯಮದ ಪ್ರಕಾರ ನೇರ ಹಿಂದಕ್ಕೆ ಟೈಲ್ ಲೈಟು ಕನಿಷ್ಠ 4 ಕ್ಯಾಂಡೆಲಾ, ಬ್ರೇಕ್ ಲೈಟು ಕನಿಷ್ಠ 60 ಕ್ಯಾಂಡೆಲಾ ಕೊಡಬೇಕು. ಮೊಬೈಲಿನ ಸೆನ್ಸರ್ ಕೆಂಪು ಬೆಳಕನ್ನು ಕರಾರುವಾಕ್ಕಾಗಿ ಅಳೆಯುವುದಿಲ್ಲ. ಆದ್ದರಿಂದ ಈ ಅಂಕಿಯನ್ನು ಸರ್ಟಿಫಿಕೇಟ್ ಅಂದುಕೊಳ್ಳದೆ, ಮೊದಲು–ಆಮೇಲೆ ಹೋಲಿಕೆಗೆ ಮಾತ್ರ ಬಳಸಿ. ಅದೇ ಮೊಬೈಲ್, ಅದೇ ಆ್ಯಪ್, ಅದೇ ದೂರ. ಎಡಗಡೆಯ ಬ್ರೇಕ್ ಲೈಟು ಎಂಜಿನ್ ಆಫ್ ಇದ್ದಾಗ ತೋರಿಸಿದ್ದು 24.

ಒಬ್ಬರೇ ಇದ್ದರೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಪೆಡಲಿಗೂ ಸೀಟಿಗೂ ನಡುವೆ ಒಂದು ಮರದ ರೀಪು ಸಿಕ್ಕಿಸಿದರೆ ಆಯಿತು.

ಇನ್ನು ಮಲ್ಟಿಮೀಟರ್. ಇಲ್ಲಿ ಬಹಳ ಜನ ಎಡವುವುದು ಬಲ್ಬು ತೆಗೆದು ಹೋಲ್ಡರಿನಲ್ಲಿ ಅಳೆಯುವಾಗ. ಬಲ್ಬಿಲ್ಲದೆ ಕರೆಂಟ್ ಹರಿಯುವುದಿಲ್ಲ, ಕರೆಂಟ್ ಹರಿಯದೆ ವೋಲ್ಟೇಜ್ ಬೀಳುವುದಿಲ್ಲ. ಎಷ್ಟೇ ತುಕ್ಕು ಹಿಡಿದ ಜಾಯಿಂಟ್ ಇದ್ದರೂ ಮೀಟರ್ ಪೂರ್ತಿ 12.6 ತೋರಿಸಿ ‘ಎಲ್ಲ ಸರಿ ಇದೆ’ ಎಂದುಬಿಡುತ್ತದೆ. ಬಲ್ಬು ಉರಿಯುತ್ತಿರುವಾಗಲೇ, ಹೋಲ್ಡರಿನ ಹಿಂಬದಿಗೆ ವೈರ್ ಸೇರುವ ಜಾಗಕ್ಕೆ ಒಂದು ಕಡ್ಡಿ, ಹೋಲ್ಡರಿನ ಲೋಹದ ಮೈಗೆ ಇನ್ನೊಂದು ಕಡ್ಡಿ ಮುಟ್ಟಿಸಿ ಅಳೆಯಬೇಕು. ಹಾಗೆ ಅಳೆದಾಗ ಬ್ಯಾಟರಿಯಲ್ಲಿ 12.6, ಬಲ್ಬಿನ ಬಾಯಿಯಲ್ಲಿ 10.9. ನಡುವೆ 1.7 ವೋಲ್ಟ್ ಎಲ್ಲಿ ಹೋಯಿತು?

ಅದನ್ನು ಎರಡು ಪಾಲು ಮಾಡಿ ಹುಡುಕಬೇಕು. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಕಡ್ಡಿ ಹೋಲ್ಡರಿನ ಲೋಹದ ಮೈಗೆ: ಇದು ಅರ್ಥ್ ದಾರಿಯ, ಅಂದರೆ ಕರೆಂಟ್ ಬಲ್ಬಿನಿಂದ ಬಾಡಿಯ ಮೂಲಕ ಬ್ಯಾಟರಿಗೆ ವಾಪಸು ಹೋಗುವ ದಾರಿಯ ನಷ್ಟ. 0.1 ವೋಲ್ಟಿನ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಇಲ್ಲಿ ಬಂದದ್ದು 1.1. ಆಮೇಲೆ ಬ್ಯಾಟರಿ ಪಾಸಿಟಿವ್‌ನಿಂದ ಹೋಲ್ಡರಿಗೆ ಬರುವ ಬ್ರೇಕ್ ವೈರಿಗೆ ಅಳೆದರೆ 0.6. ಅಂದರೆ ಮೂರರಲ್ಲಿ ಎರಡು ಪಾಲು ನಷ್ಟ ಬರೀ ಅರ್ಥಿನಲ್ಲೇ.

1.7 ವೋಲ್ಟ್ ಕೇಳಲು ಚಿಲ್ಲರೆ ಮೊತ್ತ. ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. 12.6 ಸಿಗಬೇಕಾದ ಕಡೆ 10.9 ಸಿಕ್ಕರೆ ಬೆಳಕು ಶೇ 60ಕ್ಕೆ ಇಳಿಯುತ್ತದೆ. 6 ವೋಲ್ಟಿನ ವಾಹನಗಳ ಪಾಡು ಇನ್ನೂ ಕಷ್ಟ. ಅದೇ 21 ವ್ಯಾಟಿಗೆ ಅಲ್ಲಿ ಎರಡು ಪಟ್ಟು ಕರೆಂಟ್ ಬೇಕು, ಹಾಗಾಗಿ ಅದೇ ತುಕ್ಕಿನಲ್ಲಿ ಎರಡು ಪಟ್ಟು ನಷ್ಟ. ಒಂದೇ ಒಂದು ವೋಲ್ಟ್ ಕಳೆದರೂ ಸುಮಾರು ಶೇ 45ರಷ್ಟು ಬೆಳಕು ಹೋಯಿತು. 6 ವೋಲ್ಟಿನ ದೀಪ ಮಂಕಾಗಿರುವುದೇ ಸಹಜ ಅನ್ನುವವರ ವೈರಿಂಗ್ ಒಮ್ಮೆ ನೋಡಬೇಕು.

ಮೀಟರ್ ಇಲ್ಲದೆಯೂ ಅರ್ಥ್ ಕೆಟ್ಟಿರುವುದನ್ನು ಹಿಡಿಯಬಹುದು. ಟೈಲ್ ಲೈಟು ಹಾಕಿ, ಅದೇ ಬದಿಯ ಇಂಡಿಕೇಟರ್ ಹಾಕಿ. ಇಂಡಿಕೇಟರ್ ಮಿನುಗಿದಾಗಲೆಲ್ಲ ಟೈಲ್ ಲೈಟು ಉಸಿರು ಕಟ್ಟಿದಂತೆ ಮಂಕಾಗುತ್ತಿದ್ದರೆ, ಅಥವಾ ಬ್ರೇಕ್ ಒತ್ತಿದಾಗ ಸಂಬಂಧವಿಲ್ಲದ ಬಲ್ಬೊಂದು ಸಣ್ಣಗೆ ಕೆಂಪಾದರೆ, ಅರ್ಥ್ ಹೋಗಿದೆ ಎಂದೇ ಲೆಕ್ಕ. ವಾಪಸು ಹೋಗಲು ನೇರ ದಾರಿ ಸಿಗದ ಕರೆಂಟ್ ಪಕ್ಕದ ಫಿಲಮೆಂಟಿನೊಳಗೆ ನುಸುಳಿ ಹೋಗುತ್ತಿದೆ.

ಅಳತೆ ಮುಗಿಯಿತು. ಬ್ಯಾಟರಿಯ ಅರ್ಥ್ ಕಡೆಯ ಟರ್ಮಿನಲ್ ಕಳಚಿ, ಬಿಚ್ಚುವ ಕೆಲಸ ಶುರು. ಲೆನ್ಸಿನ ಸ್ಕ್ರೂಗಳು ತಗಡಿನಲ್ಲಿ ತುಕ್ಕು ಹಿಡಿದು ಕೂತಿದ್ದವು. ಅವಸರಪಟ್ಟರೆ ಸ್ಕ್ರೂ ತಲೆ ಸವೆಯುತ್ತದೆ, ಇಲ್ಲವೇ ಲೆನ್ಸು ಸೀಳುತ್ತದೆ. ಹಳೆಯ ಮಾಡೆಲ್ಲಿನ ಲೆನ್ಸು ಸೀಳಿದರೆ ಇಡೀ ಕೆಲಸವೇ ನಿಂತಂತೆ. ತುಕ್ಕು ಬಿಡಿಸುವ ಎಣ್ಣೆಯನ್ನು ಲೆನ್ಸಿಗೆ ತಾಗದಂತೆ, ಗೂಡಿನ ಹಿಂದಿನಿಂದ ಸ್ಕ್ರೂ ತುದಿಗೆ ಬಿಟ್ಟು ಒಂದು ರಾತ್ರಿ ಸುಮ್ಮನಿರಬೇಕು. ಬೆಳಗ್ಗೆ ಮೊದಲು ಕಾಲು ಸುತ್ತು ಬಿಗಿ ಮಾಡಿ, ಆಮೇಲೆ ಸಡಿಲ. ಹೀಗೆ ಹಿಂದೆ ಮುಂದೆ ಮಾಡುತ್ತಾ ಹೋದರೆ ತುಕ್ಕು ಪುಡಿಯಾಗಿ ಬಿಡುತ್ತದೆ. ಸ್ಕ್ರೂಗಳು ಬಂದ ಮೇಲೂ ಗ್ಯಾಸ್ಕೆಟ್ಟಿಗೆ (ನೀರು ನುಗ್ಗದಂತೆ ಅಂಚಿಗೆ ಹಾಕುವ ರಬ್ಬರ್ ಪಟ್ಟಿ) ಅಂಟಿಕೊಂಡು ಲೆನ್ಸು ಅಲ್ಲಾಡದಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಸುತ್ತಲೂ ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟರೆ ರಬ್ಬರ್ ಮೆತ್ತಗಾಗಿ ತಾನಾಗಿ ಬಿಟ್ಟುಕೊಡುತ್ತದೆ.

ಒಳಗೆ ಕಂಡದ್ದು: ತಳದಲ್ಲಿ ಒಂದು ಚಮಚದಷ್ಟು ತುಕ್ಕಿನ ಪುಡಿ, ಒಮ್ಮೆ ಬಿಳಿಯಾಗಿದ್ದ ಬಣ್ಣ ಈಗ ಚಹಾದ ಕಂದು, ಹೋಲ್ಡರಿನ ಹಿತ್ತಾಳೆಯ ಮೇಲೆ ಹಸಿರು ಕಿಲುಬು. ನೀರು ಹೋಗಲು ಅಡಿಯಲ್ಲಿ ಇಟ್ಟಿದ್ದ ತೂತು ಮಣ್ಣಿನಿಂದ ಮುಚ್ಚಿಹೋಗಿತ್ತು. ಉಳಿದೆಲ್ಲ ಅನಾಹುತಕ್ಕೆ ಅದೇ ಮೂಲ.

ಮೊದಲು ಹೋಲ್ಡರ್. ಬಲ್ಬು ಕೂರುವ ಒಳಮೈಯನ್ನು 400 ನಂಬರಿನ ಎಮೆರಿ ಕಾಗದವನ್ನು ಪೆನ್ಸಿಲಿಗೆ ಸುತ್ತಿ ತಿರುಗಿಸಿ ಉಜ್ಜಿದರೆ ಹಳದಿ ಹಿತ್ತಾಳೆ ಹೊಳೆಯುತ್ತದೆ. ಉಕ್ಕಿನ ನಾರು ಬೇಡ. ಒಂದೆಳೆ ಒಳಗೆ ಉಳಿದರೆ ಶಾರ್ಟ್ ಆಗಿ ಫ್ಯೂಸ್ ಹೋಗುತ್ತದೆ. ತಳದ ಎರಡು ಸ್ಪ್ರಿಂಗ್ ಕಡ್ಡಿಗಳು ಒತ್ತಿದರೆ ಪುಟಿಯಬೇಕು. ಸ್ಪ್ರಿಂಗ್ ಸತ್ತಿದ್ದರೆ ಹೋಲ್ಡರನ್ನೇ ಬದಲಿಸುವುದು ಒಳ್ಳೆಯದು, ಎಳೆದು ಉದ್ದ ಮಾಡಿದ ಸ್ಪ್ರಿಂಗ್ ಹೆಚ್ಚು ದಿನ ಬಾಳುವುದಿಲ್ಲ. ಬಲ್ಬಿನ ಬುಡದ ಸೀಸದ ಗುಂಡುಗಳನ್ನೂ ಒಮ್ಮೆ ನೋಡಿ. ಚಪ್ಪಟೆಯಾಗಿ ಗುಳಿ ಬಿದ್ದಿದ್ದರೆ ಅಲ್ಲೂ ಸಂಪರ್ಕ ಸರಿಯಿಲ್ಲ.

ಅರ್ಥಿಗೆ ಹಳೆಯ ಏರ್ಪಾಡು ಹೀಗಿತ್ತು: ಹೋಲ್ಡರಿನಿಂದ ಗೂಡಿನ ತಗಡಿಗೆ, ಗೂಡಿನಿಂದ ನಟ್ಟುಬೋಲ್ಟಿನ ಮೂಲಕ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ. ಪ್ರತಿ ಜಾಯಿಂಟಿನಲ್ಲೂ ಬಣ್ಣ, ತುಕ್ಕು. ಒಂದೊಂದನ್ನೇ ಉಜ್ಜುವ ಬದಲು ಹೋಲ್ಡರಿನ ಮೈಗೆ 1.5 ಚದರ ಮಿಲಿಮೀಟರಿನ ವೈರನ್ನು ಬೆಸುಗೆ ಹಾಕಿ, ಇನ್ನೊಂದು ತುದಿಗೆ ರಿಂಗ್ ಲಗ್ (ಬೋಲ್ಟಿಗೆ ಸಿಕ್ಕಿಸುವ ಲೋಹದ ಉಂಗುರ) ಒತ್ತಿ, ಡಿಕ್ಕಿಯೊಳಗೆ ಬಾಡಿಯ ದಪ್ಪ ತಗಡಿಗೆ ಕಟ್ಟಿದ್ದಾಯಿತು. ಲಗ್ ಕೂರುವ ಕಡೆ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಣ್ಣ ಕೆರೆದು ಲೋಹ ಕಾಣಿಸಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ಗ್ರೀಸ್ ಸವರಬೇಕು. ಗ್ರೀಸ್ ಸವರಿ ಬಿಗಿಯುವುದಲ್ಲ. ಬೆಸುಗೆಗೆ ದೊಡ್ಡ ಮೊನೆಯ ಸೋಲ್ಡರಿಂಗ್ ಕಬ್ಬಿಣ ಬೇಕು. ರೇಡಿಯೋ ರಿಪೇರಿಯ ಸಣ್ಣ ಕಬ್ಬಿಣ ಹಿತ್ತಾಳೆಯನ್ನು ಕಾಯಿಸುವಷ್ಟರಲ್ಲಿ ಹೋಲ್ಡರಿನ ಒಳಗಿನ ಫೈಬರ್ ಬಿಲ್ಲೆ ಸುಟ್ಟಿರುತ್ತದೆ. ಬೆಸುಗೆ ಹಾಕುವಾಗ ಆ ಬಿಲ್ಲೆ, ಸ್ಪ್ರಿಂಗ್ ಹೊರಗೆ ತೆಗೆದಿಡಿ.

ಮತ್ತೆ ಅಳೆದಾಗ ಅರ್ಥ್ ನಷ್ಟ 1.1ರಿಂದ 0.05ಕ್ಕೆ ಇಳಿದಿತ್ತು. ಡಿಕ್ಕಿಯ ಪಕ್ಕದ ಬುಲೆಟ್ ಕನೆಕ್ಟರುಗಳನ್ನು (ವೈರಿಗೆ ವೈರ್ ಸೇರಿಸುವ ಗುಂಡು ತುದಿಗಳು) ಎಳೆದು ಉಜ್ಜಿ ಹಾಕಿದ ಮೇಲೆ ಪಾಸಿಟಿವ್ ಕಡೆಯದ್ದು 0.6ರಿಂದ 0.35ಕ್ಕೆ ಬಂತು. ಬಲ್ಬಿಗೆ ಈಗ 12.2 ವೋಲ್ಟ್. ಲಕ್ಸ್ 24 ಇದ್ದದ್ದು 35. ಇನ್ನೂ ಲೆನ್ಸು ತೊಳೆದಿಲ್ಲ, ಬಣ್ಣ ಮುಟ್ಟಿಲ್ಲ. ಖರ್ಚು ಒಂದು ಮೊಳ ವೈರು, ಎರಡು ಲಗ್ಗು, ಒಂದು ಹಾಳೆ ಎಮೆರಿ ಕಾಗದ.

ಉಳಿದ 0.35ರಲ್ಲಿ ಬಹುಪಾಲು ಬ್ರೇಕ್ ಸ್ವಿಚ್ಚಿನಲ್ಲಿ ಮತ್ತು ತೆಳು ವೈರಿನ ಉದ್ದದಲ್ಲಿ ಹೋಗುತ್ತದೆ. ಇದಕ್ಕೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು, ಹಾಕಬಹುದು. ಬ್ಯಾಟರಿಯ ಹತ್ತಿರವೇ 10 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್, 87ರಿಂದ ಬ್ರೇಕ್ ಲೈಟುಗಳಿಗೆ, ಹಳೆಯ ಸ್ವಿಚ್ಚಿನ ವೈರ್ 86ಕ್ಕೆ, 85 ಅರ್ಥಿಗೆ. ಸ್ವಿಚ್ಚಿನ ಮೇಲಿನ ಹೊರೆ ಇಳಿದು ಅದರ ಆಯುಸ್ಸೂ ಹೆಚ್ಚುತ್ತದೆ. ಆದರೆ ಆ ಒಂದು ರಿಲೇ ಕೆಟ್ಟರೆ ಎರಡೂ ಬ್ರೇಕ್ ಲೈಟು ಒಟ್ಟಿಗೆ ಹೋಗುತ್ತವೆ, ಅದೂ ಚಾಲಕನಿಗೆ ಗೊತ್ತಾಗದಂತೆ. ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ ಇದ್ದರೆ ರಿಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಹಾಕಲಿಲ್ಲ.

ಎರಡನೆಯ ವಾರಾಂತ್ಯಕ್ಕೆ ಉಳಿದದ್ದು ಗೂಡು ಮತ್ತು ಲೆನ್ಸು. ಗೂಡಿಗೆ ಬಣ್ಣ ಹಚ್ಚುವ ಮೊದಲು ಅದು ಯಾವ ಜಾತಿಯದು ನೋಡಬೇಕು. ಬಲ್ಬಿನ ಹಿಂದೆ ಬಟ್ಟಲಿನಂತೆ ಬಾಗಿದ, ಕನ್ನಡಿಯಂತೆ ಹೊಳೆಯುವ ರಿಫ್ಲೆಕ್ಟರ್ ಇದ್ದರೆ ಅದಕ್ಕೆ ಬಿಳಿ ಬಣ್ಣ ಬಳಿಯಬಾರದು. ಬಟ್ಟಲು ಬೆಳಕನ್ನು ಒಂದು ದಿಕ್ಕಿಗೆ ಒಟ್ಟುಮಾಡಿ ಕಳಿಸುತ್ತದೆ, ಬಿಳಿ ಬಣ್ಣ ಅದನ್ನು ಎಲ್ಲ ಕಡೆಗೂ ಚೆಲ್ಲಿಬಿಡುತ್ತದೆ. ಅಂಥದ್ದನ್ನು ಮತ್ತೆ ಅಲ್ಯೂಮಿನಿಯಂ ಲೇಪ ಮಾಡಿಸುವುದೇ ಸರಿಯಾದ ದಾರಿ. ಒಳಗೆ ಬರೀ ಪೆಟ್ಟಿಗೆಯಾಕಾರ ಇದ್ದು ಬೆಳಕು ಹರಡುವ ಕೆಲಸವನ್ನೆಲ್ಲ ಲೆನ್ಸಿನ ಗೆರೆಗಳೇ ಮಾಡುತ್ತಿದ್ದರೆ ಬಿಳಿ ಬಣ್ಣ ಚೆನ್ನಾಗಿ ಕೆಲಸ ಮಾಡುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸುವವರೂ ಇದ್ದಾರೆ. ಸುಕ್ಕುಸುಕ್ಕಾಗಿ ದೀಪದಲ್ಲಿ ಕಪ್ಪು ಮಚ್ಚೆಗಳು ಕಾಣುತ್ತವೆ, ಅಂಟು ಬಿಟ್ಟು ಬಲ್ಬಿನ ಬುಡಕ್ಕೆ ತಾಗಿದರೆ ಶಾರ್ಟ್ ಬೇರೆ.

ತುಕ್ಕನ್ನು ವೈರ್ ಬ್ರಷ್ಷಿನಿಂದ ಕೆರೆದು (ಮೂಗಿಗೆ ಮಾಸ್ಕ್ ಇರಲಿ, ಹಳೆಯ ಬಣ್ಣದಲ್ಲಿ ಸೀಸ ಇರಬಹುದು), ತುಕ್ಕು ನಿರೋಧಕ ಪ್ರೈಮರ್ ಒಂದು ಕೋಟು, ಶಾಖ ತಡೆಯುವ, ಹೊಳಪಿನ ಬಿಳಿ ಬಣ್ಣ ತೆಳುವಾಗಿ ಎರಡು ಕೋಟು. ಕೋಟಿನ ಮಧ್ಯೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು, ಕೊನೆಯ ಕೋಟಿನ ಮೇಲೆ ಪೂರ್ತಿ ಒಂದು ದಿನ. ಹಸಿ ಬಣ್ಣದ ಮೇಲೆ ಲೆನ್ಸು ಮುಚ್ಚಿದರೆ ಥಿನ್ನರಿನ ಆವಿ ಒಳಗೇ ಸಿಕ್ಕಿ ಲೆನ್ಸಿನ ಅಕ್ರಿಲಿಕ್ ಪ್ಲಾಸ್ಟಿಕ್ ಮೇಲೆ ಮಂಜು ಕೂರುತ್ತದೆ. ಹೋಲ್ಡರ್ ಕೂರುವ ತೂತಿನ ಅಂಚಿಗೆ ಟೇಪು ಹಚ್ಚಿ ಬಣ್ಣ ತಾಗದಂತೆ ನೋಡಿಕೊಳ್ಳಿ. ಬಲಗಡೆಯ ಗೂಡಿಗೆ ಅದು ಮರೆತುಹೋಗಿತ್ತು, ಅಲ್ಲಿ ಹೊಸ ಅರ್ಥ್ ವೈರೂ ಇನ್ನೂ ಹಾಕಿರಲಿಲ್ಲ. ಜೋಡಿಸಿ ಸ್ವಿಚ್ ಒತ್ತಿದರೆ ದೀಪವೇ ಇಲ್ಲ!

ಲೆನ್ಸು ತೊಳೆಯಲು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು. ಪೆಟ್ರೋಲು, ಥಿನ್ನರ್, ಸ್ಪಿರಿಟ್ ಯಾವುದೂ ತಾಗಬಾರದು. ಅಕ್ರಿಲಿಕ್ಕಿನಲ್ಲಿ ಕೂದಲೆಳೆಯಂಥ ಬಿರುಕು ಎದ್ದು ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಒಳಮೈಯ ಗೆರೆಗಳನ್ನು ಬ್ರಷ್ಷಿನಿಂದ ಮಾತ್ರ ಉಜ್ಜಿ, ಅಲ್ಲಿಗೆ ಮರಳು ಕಾಗದ ತರಬೇಡಿ. ಹೊರಮೈಯ ಗೀರಿಗೆ 1000, 1500, 2000, 3000 ನಂಬರಿನ ವಾಟರ್ ಪೇಪರ್ ಕ್ರಮವಾಗಿ, ನೀರು ಹಾಕುತ್ತಾ, ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸುತ್ತಾ. ಹಿಂದಿನ ನಂಬರಿನ ಗೆರೆಗಳು ಪೂರ್ತಿ ಮಾಯವಾದ ಮೇಲೆಯೇ ಮುಂದಿನದ್ದು. ಕೊನೆಗೆ ಪ್ಲಾಸ್ಟಿಕ್ ಪಾಲಿಶ್. ಬಿಸಿಲಿಗೆ ಕೆಂಪು ಹೋಗಿ ಗುಲಾಬಿಯಾದ ಲೆನ್ಸಿಗೆ ಈ ಯಾವ ಉಪಚಾರವೂ ಫಲಿಸುವುದಿಲ್ಲ, ಅದನ್ನು ಬದಲಿಸಲೇಬೇಕು. ಕೆಂಪು ಸ್ಪ್ರೇ ಹೊಡೆದರೆ ಬಣ್ಣ ಬರುತ್ತದೆ, ಬೆಳಕು ಸಾಯುತ್ತದೆ.

ಗೂಡು, ಲೆನ್ಸು ಎರಡೂ ಮುಗಿದ ಮೇಲೆ ಎಡ ಬ್ರೇಕ್ ಲೈಟು 57. ಎಂಜಿನ್ ಚಾಲೂ ಮಾಡಿ ಬ್ಯಾಟರಿ 13.8ಕ್ಕೆ ಏರಿದಾಗ 78.

ಬಲ್ಬಿನ ವಿಚಾರ. ಇಲ್ಲಿ ಬೇಕಾದದ್ದು ಪಿ21/5ಡಬ್ಲ್ಯು: 13.5 ವೋಲ್ಟಿನಲ್ಲಿ ಬ್ರೇಕ್ ಫಿಲಮೆಂಟ್ 440 ಲ್ಯೂಮೆನ್, ಟೈಲ್ ಫಿಲಮೆಂಟ್ 35 ಲ್ಯೂಮೆನ್. ಬುಡದ ಎರಡು ಪಿನ್ನುಗಳು ಒಂದೇ ಎತ್ತರದಲ್ಲಿಲ್ಲ, ತಿರುಗುಮುರುಗಾಗಿ ಕೂರದಿರಲೆಂದೇ ಹಾಗಿದೆ. ಬಲವಂತದಿಂದ ತಿರುಗಿಸಿ ಹಾಕಿದರೆ ಟೈಲ್ ಲೈಟು ಪ್ರಖರವಾಗಿ, ಬ್ರೇಕ್ ಲೈಟು ಮಂಕಾಗಿ ಅದಲುಬದಲಾಗುತ್ತದೆ. ಗಾಜಿನ ಒಳಗೆ ಬೂದು ಮಸಿ ಕಟ್ಟಿದ ಬಲ್ಬು ಉರಿಯುತ್ತಿದ್ದರೂ ಎಸೆಯಿರಿ. ಟಂಗ್‌ಸ್ಟನ್ ಆವಿಯಾಗಿ ಗಾಜಿಗೆ ಅಂಟಿದ ಮಸಿ ಅದು. ಹೆಚ್ಚು ವ್ಯಾಟಿನ ಬಲ್ಬು ಹಾಕುವುದು ಬೇಡವೇ ಬೇಡ, ಲೆನ್ಸು ಮೆತ್ತಗಾಗಿ ಗುಳಿ ಬೀಳುತ್ತದೆ.

ಎಲ್‌ಇಡಿ ಬೇಕೇ ಬೇಕು ಎನ್ನುವವರು ಮೊದಲು ತಮ್ಮಲ್ಲಿನ ಕಾನೂನು ನೋಡಿಕೊಳ್ಳಿ. ಫಿಲಮೆಂಟ್ ಬಲ್ಬಿಗೆಂದು ಅನುಮೋದನೆಯಾದ ದೀಪದಲ್ಲಿ ಎಲ್‌ಇಡಿ ಹಾಕುವುದಕ್ಕೆ ಹಲವು ದೇಶಗಳಲ್ಲಿ ಒಪ್ಪಿಗೆಯಿಲ್ಲ, ಫಿಟ್‌ನೆಸ್ ತಪಾಸಣೆಯಲ್ಲಿ ತಕರಾರು ಬರುತ್ತದೆ. ಅದರ ನಿಜವಾದ ಲಾಭ ವೇಗ: ಫಿಲಮೆಂಟ್ ಪೂರ್ತಿ ಹೊತ್ತಲು ಸುಮಾರು 0.2 ಸೆಕೆಂಡ್ ಬೇಕು, ಎಲ್‌ಇಡಿ ಆ ಕ್ಷಣವೇ ಹೊತ್ತುತ್ತದೆ. 100 ಕಿಲೋಮೀಟರ್ ವೇಗದಲ್ಲಿ ಹಿಂದಿನವರಿಗೆ ಇದರಿಂದ ಐದೂವರೆ ಮೀಟರ್ ಉಳಿಯುತ್ತದೆ. ಕೆಂಪು ಲೆನ್ಸಿಗೆ ಕೆಂಪು ಎಲ್‌ಇಡಿಯೇ ಆಗಬೇಕು. ಬಿಳಿ ಎಲ್‌ಇಡಿಯಲ್ಲಿ ಕೆಂಪಿನ ಪಾಲು ಕಡಿಮೆ, ಉಳಿದದ್ದನ್ನೆಲ್ಲ ಲೆನ್ಸು ನುಂಗಿಬಿಡುತ್ತದೆ. ಆದರೆ ಅದೇ ಬಲ್ಬು ಕೆಳಗಿನ ಕಿಂಡಿಯಿಂದ ನಂಬರ್ ಪ್ಲೇಟಿಗೂ ಬೆಳಕು ಕೊಡುತ್ತಿದ್ದರೆ, ಬೈಕುಗಳಲ್ಲಿ ಇದು ಸಾಮಾನ್ಯ, ಕೆಂಪು ಹಾಕಿದರೆ ಪ್ಲೇಟೂ ಕೆಂಪಾಗುತ್ತದೆ. ಚಿಪ್ಪುಗಳು ಮುಂದಕ್ಕೆ ಮಾತ್ರ ಮುಖ ಮಾಡಿರುವ ಬಲ್ಬು ಬೇಡ, ಪಕ್ಕಕ್ಕೂ ಬೆಳಕು ಬಿಡುವಂಥದ್ದು ತೆಗೆದುಕೊಳ್ಳಿ. ಇಲ್ಲದಿದ್ದರೆ ಗೂಡೆಲ್ಲ ಕತ್ತಲಾಗಿ ನಡುವೆ ಒಂದು ಚುಕ್ಕೆ ಉರಿಯುತ್ತದೆ. ಟೈಲ್ ಮತ್ತು ಬ್ರೇಕ್ ನಡುವಿನ ಅಂತರವನ್ನೂ ಲಕ್ಸಿನಲ್ಲಿ ಅಳೆಯಿರಿ. ಬ್ರೇಕ್ ಕನಿಷ್ಠ ಐದು ಪಟ್ಟು ಇರಲಿ. ಟೈಲ್ ಲೈಟೇ ಅತಿ ಪ್ರಖರವಾಗಿರುವ ಎಲ್‌ಇಡಿಗಳಲ್ಲಿ ಬ್ರೇಕ್ ಒತ್ತಿದ್ದು ರಾತ್ರಿ ಗೊತ್ತಾಗುವುದೇ ಇಲ್ಲ. ಪಾಸಿಟಿವ್ ಅರ್ಥ್ ವಾಹನದಲ್ಲಿ ಸಾಧಾರಣ ಎಲ್‌ಇಡಿ ಹೊತ್ತುವುದಿಲ್ಲ, ಕರೆಂಟ್ ಯಾವ ಕಡೆಯಿಂದ ಬಂದರೂ ಕೆಲಸ ಮಾಡುವುದನ್ನೇ ಕೇಳಿ ತರಬೇಕು.

ಇಂಡಿಕೇಟರಿಗೂ ಎಲ್‌ಇಡಿ ಹಾಕಿದರೆ ಹಳೆಯ ಬೈಮೆಟಲ್ ಫ್ಲಾಷರ್ (ಕಾದಾಗ ಬಾಗುವ ಲೋಹದ ಪಟ್ಟಿಯಿಂದ ದೀಪ ಮಿನುಗಿಸುವ ಡಬ್ಬಿ) ಮಿನುಗದೆ ಸುಮ್ಮನೆ ಉರಿಯುತ್ತಾ ನಿಲ್ಲುತ್ತದೆ, ಏಕೆಂದರೆ ಅದರ ಪಟ್ಟಿಯನ್ನು ಕಾಯಿಸುವಷ್ಟು ಕರೆಂಟ್ ಹರಿಯುತ್ತಿಲ್ಲ. ಎಲೆಕ್ಟ್ರಾನಿಕ್ ಫ್ಲಾಷರ್ ಹಾಕಿ. 6 ಓಮಿನ ಲೋಡ್ ರೆಸಿಸ್ಟರ್ ಹಾಕಿದರೂ ನಡೆಯುತ್ತದೆ, ಆದರೆ ಅದು ಉರಿಯುವಾಗ 30 ವ್ಯಾಟಿನಷ್ಟು ಶಾಖ ಕಕ್ಕುತ್ತದೆ. ಕಟ್ಟಿದರೆ ತಗಡಿಗೇ ಕಟ್ಟಬೇಕು. ಡ್ಯಾಶ್‌ಬೋರ್ಡಿನಲ್ಲಿ ಎಡಬಲಕ್ಕೆ ಸೇರಿ ಒಂದೇ ಸೂಚಕ ದೀಪ ಇರುವ ವಾಹನಗಳಲ್ಲಿ ಎಡಗಡೆಯ ಇಂಡಿಕೇಟರ್ ಒತ್ತಿದರೂ ನಾಲ್ಕೂ ಎಲ್‌ಇಡಿ ಮಿನುಗುತ್ತವೆ. ಆ ಸೂಚಕ ದೀಪ ಎದುರು ಬದಿಯ ಬಲ್ಬಿನ ಮೂಲಕ ಅರ್ಥ್ ಹುಡುಕುತ್ತಿರುತ್ತದೆ. ಎರಡು ಬದಿಯಿಂದಲೂ ಒಂದೊಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮೂಲಕ ಕರೆಂಟ್ ಕೊಟ್ಟು, ದೀಪದ ಇನ್ನೊಂದು ತುದಿಯನ್ನು ನೇರ ಅರ್ಥಿಗೆ ಕಟ್ಟಿದರೆ ಸರಿಹೋಗುತ್ತದೆ.

ಈ ಕಾರಿನಲ್ಲಿ ಫಿಲಮೆಂಟ್ ಬಲ್ಬೇ ಉಳಿಯಿತು. ಅತಿ ಹೆಚ್ಚು ಕಾಯುವಂತೆ ಮಾಡಿದ್ದು ಹೊಸ ಗ್ಯಾಸ್ಕೆಟ್. ಅದು ಬರುವವರೆಗೆ ಸಿಲಿಕಾನ್ ಬಳಿದು ಮುಚ್ಚುವ ಆಸೆ ಬರುತ್ತದೆ, ತಡೆದುಕೊಳ್ಳಿ. ವಿನೆಗರ್ ವಾಸನೆಯ ಸಿಲಿಕಾನ್ ಒಣಗುವಾಗ ಬಿಡುವ ಆಮ್ಲ ಹೋಲ್ಡರಿಗೆ ಮತ್ತೆ ಕಿಲುಬು ಹಿಡಿಸುತ್ತದೆ. ಅನಿವಾರ್ಯವಾದರೆ ನ್ಯೂಟ್ರಲ್ ಬಗೆಯದು, ಅದೂ ಮೇಲಂಚಿಗೆ ಮತ್ತು ಪಕ್ಕಕ್ಕೆ ಮಾತ್ರ. ಕೆಳಗಿನ ನೀರಿನ ತೂತು ತೆರೆದೇ ಇರಲಿ. ಲೆನ್ಸಿನ ಸ್ಕ್ರೂಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಬಿಗಿದು, ರಬ್ಬರ್ ಸ್ವಲ್ಪ ಉಬ್ಬಿದ್ದು ಕಂಡ ಕೂಡಲೇ ನಿಲ್ಲಿಸಿ. ಹೊಸ ರಬ್ಬರ್ ವಾರದಲ್ಲಿ ಕುಗ್ಗಿ ಕೂರುತ್ತದೆ, ಆಗ ಇನ್ನೊಂದು ಕಾಲು ಸುತ್ತು ಬಿಗಿದರೆ ಸಾಕು.